ಚಿಕ್ಕಲ್ಲೂರಿನ ರಾತ್ರಿಯನ್ನು ಕತೆಗೆ ಬಿಟ್ಟುಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಬನದ ಹುಣ್ಣಿಮೆ ಹತ್ತಿರ ಬಂದಂತೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಚಿಕ್ಕಲ್ಲೂರು ಜಾತ್ರೆಯ ಸುದ್ದಿ ಶುರುವಾಗುತ್ತದೆ. ಎಷ್ಟು ಹೆಚ್ಚುವರಿ ಬಸ್ಸು, ಎಷ್ಟು ಪೊಲೀಸರು, ನೀರಿನ ಟ್ಯಾಂಕರ್ ಎಲ್ಲೆಲ್ಲಿ, ಎಲ್ಲರೂ ಒಟ್ಟಿಗೆ ಕೂತು ಬಾಡೂಟ ಉಣ್ಣುವ ಪಂಕ್ತಿಸೇವೆಗೆ ಈ ಸಲ ಏನು ನಿರ್ಬಂಧ ಎಂಬುದೆಲ್ಲ ಬರುತ್ತದೆ. ಮೊದಲ ರಾತ್ರಿ ಹೊತ್ತಿಸುವ ಚಂದ್ರಮಂಡಲದ ಚಿತ್ರ ಮುಖಪುಟಕ್ಕೂ ಬಂದದ್ದುಂಟು. ಇವೆಲ್ಲ ಬೇಕಾದ ಸುದ್ದಿಗಳೇ. ಪ್ರಾಣಿಬಲಿಯ ಕಾನೂನು, ಪಂಕ್ತಿಸೇವೆಯ ಹಕ್ಕು ಇವುಗಳ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಅದನ್ನು ನನಗಿಂತ ಚೆನ್ನಾಗಿ ಮಾತಾಡುವವರಿದ್ದಾರೆ. ಆದರೆ ಆ ಐದು ರಾತ್ರಿ ಅದೇ ಬಯಲಿನಲ್ಲಿ ತಂಬೂರಿ ಹಿಡಿದು ಕೂತು ಗುರು ಮಂಟೇಸ್ವಾಮಿ ಮತ್ತು ಅವರ ಶಿಷ್ಯರ ಕತೆ ಹೇಳುವ ನೀಲಗಾರರ ಬಗ್ಗೆ ನಾನು ಓದಿದ ಸುದ್ದಿ ತೀರ ಕಡಿಮೆ. ಬರೆಯುವವರ ತಪ್ಪು ಎನ್ನಲಾರೆ. ಅಲ್ಲಿ ನಿಂತರೂ ಆ ಕತೆ ಈಗ ಕಿವಿಗೆ ಬೀಳುವುದಿಲ್ಲ. ಅದು ಯಾಕೆ ಬೀಳುವುದಿಲ್ಲ, ಬೀಳಬೇಕಾದರೆ ಏನು ಮಾಡಬೇಕು ಎಂದು ಹೇಳುವುದಕ್ಕೇ ಈ ಕಾಗದ.

ನಾನು ಕೊಳ್ಳೇಗಾಲದ ಕಡೆಯ ಒಬ್ಬ ನೀಲಗಾರರ ಮಗಳು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾಗಿ ಈಗ ಮೈಸೂರಿನಲ್ಲಿದ್ದೇನೆ. ಕೆಲಸದ ಬಹುಪಾಲು ಕಾಲ ಬೀದರ್ ಜಿಲ್ಲೆಯಲ್ಲಿ ಕಳೆಯಿತು. ರಾಜ್ಯದ ಒಂದು ತುದಿಯಲ್ಲಿ ಹುಟ್ಟಿ ಇನ್ನೊಂದು ತುದಿಯಲ್ಲಿ ಅನ್ನ ತಿಂದವಳು. ಬಸವಕಲ್ಯಾಣದ ಹತ್ತಿರದ ಶಾಲೆಯಲ್ಲಿದ್ದಾಗ ರಜೆಗೆ ಊರಿಗೆ ಬಂದರೆ ಅಪ್ಪ ಮೊದಲು ಕೇಳುತ್ತಿದ್ದ ಮಾತು, "ಕಲ್ಯಾಣ ಹೆಂಗದ ಕಣವ್ವ?" ಎಂಬುದೇ. ಅವರು ಜೀವಮಾನವಿಡೀ ಕಲ್ಯಾಣದ ಸಾಲು, ಅಂದರೆ ಕತೆಯ ಆ ಭಾಗ, ಹಾಡಿದವರು. ಮಂಟೇಸ್ವಾಮಿ ಕೊಳೆತು ನಾರುವ ಮೈಯಲ್ಲಿ ಬಸವಣ್ಣನ ಕಲ್ಯಾಣದ ಬಾಗಿಲಿಗೆ ಹೋಗುತ್ತಾರೆ. ಬಾಗಿಲು ಕಾಯುವವರು ಒಳಗೆ ಬಿಡುವುದಿಲ್ಲ. ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರಲ್ಲಿ ನಿಜವಾದ ಶರಣರು ಯಾರೆಂದು ಆ ಗುರು ಅಲ್ಲಿ ಒರೆಗೆ ಹಚ್ಚುತ್ತಾರೆ. ಕೊನೆಗೆ ಬಸವಣ್ಣ ಮತ್ತು ನೀಲಮ್ಮ ತಮ್ಮ ಗುರುವನ್ನು ತಿಪ್ಪೆಯಲ್ಲಿ ಹುಡುಕುತ್ತಾರೆ. ಕಾವೇರಿಯ ಈ ಕಡೆಯ ಹಳ್ಳಿಗಳಲ್ಲಿ ಕಲ್ಯಾಣದ ದಿಕ್ಕು ಯಾವುದೆಂದು ತಿಳಿಯದವರೂ ಈ ಭಾಗ ಬಂದಾಗ ಕಣ್ಣೊರೆಸಿಕೊಳ್ಳುತ್ತಾರೆ. ನಾನು ಅಪ್ಪನಿಗೆ ಅಲ್ಲಿಯ ಕೋಟೆ, ತ್ರಿಪುರಾಂತ ಕೆರೆ, ಕರಿಮಣ್ಣು, ಜೋಳದ ಹೊಲ ಎಲ್ಲವನ್ನೂ ಹೇಳುತ್ತಿದ್ದೆ. ಮುಂದಿನ ಸಲ ಅವರು ಕತೆಗೆ ಕೂತಾಗ ಆ ಕರಿಮಣ್ಣು ಹಾಡಿನಲ್ಲಿ ಬಂದಿರುತ್ತಿತ್ತು. "ಬಾಪ್ಪ, ಒಂದ್ಸಲ ನೋಡ್ಕಂಡು ಬರವ" ಎಂದು ಕರೆದರೆ ಮಾತ್ರ ಅವರು ಹೊರಡಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ತಂಬೂರಿ ತಮ್ಮನ ಕೈಗೆ ಬಂತು. ಚಿಕ್ಕಲ್ಲೂರಿನಲ್ಲಿ ಮುಡಿಸೇವೆಯ ದಿನ ದೀಕ್ಷೆ ಪಡೆದವನು ಅವನು. ನಾನು ದೀಕ್ಷೆ ಪಡೆದವಳಲ್ಲ. ಆದರೆ ಹುಡುಗಿಯಾಗಿದ್ದಾಗ ಅಪ್ಪನ ಹಿಂದೆ ಕೂತು ಹಿಮ್ಮೇಳದ ಸೊಲ್ಲು ಹಿಡಿದವಳು, ನಿದ್ದೆ ಬಂದರೆ ಅಲ್ಲೇ ಕಂಬಳಿಯ ಮೇಲೆ ಒರಗಿದವಳು. ನಿವೃತ್ತಿಯಾದ ವರ್ಷ ತಮ್ಮ ಮೈಸೂರಿಗೆ ಬಂದು, "ಅಕ್ಕ, ಸೊಲ್ಲು ಹಿಡಿಯಕ್ಕ ಜನ ಇಲ್ಲ ಕಣಕ್ಕ" ಎಂದ. ಅವನ ಹಿಮ್ಮೇಳದವರಲ್ಲಿ ಒಬ್ಬ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿದ್ದ, ಇನ್ನೊಬ್ಬ ಗಾರೆ ಕೆಲಸಕ್ಕೆ. ದಮ್ಮಡಿ ಬಡಿಯುತ್ತಿದ್ದ ನಮ್ಮ ಚಿಕ್ಕಪ್ಪನಿಗೆ ರಾತ್ರಿಯೆಲ್ಲ ಕೂರುವ ಶಕ್ತಿ ಇರಲಿಲ್ಲ. ಅಂದಿನಿಂದ ಜಾತ್ರೆಗೆ ನಾನು ಅವನ ಜೊತೆ ಹೋಗುತ್ತಿದ್ದೇನೆ. ಅವನು ಹಾಡುತ್ತಾನೆ, ನಾನು ಸೊಲ್ಲಿಗೆ ದನಿ ಕೂಡಿಸುತ್ತೇನೆ. ಹಾಡು ನಿಂತು ಮಾತಿನಲ್ಲಿ ಕತೆ ಮುಂದಕ್ಕೆ ಹೋಗುವ ಕಡೆ ಎಷ್ಟೋ ಸಲ ಅವನು ನನ್ನ ಕಡೆ ತಿರುಗುತ್ತಾನೆ, ಆ ಭಾಗ ನಾನು ಹೇಳುತ್ತೇನೆ. ಮೊದಮೊದಲು ಕೆಲವರು ಹುಬ್ಬೇರಿಸಿದರು. ಈಗ ಹೆಂಗಸರೇ ನಮ್ಮ ಬಿಡಾರ ಯಾವುದೆಂದು ಕೇಳಿಕೊಂಡು ಬರುತ್ತಾರೆ.

ತಿಳಿಯದ ಓದುಗರಿಗಾಗಿ ಈ ಜಾಗದ ಬಗ್ಗೆ ಒಂದಿಷ್ಟು ಹೇಳಬೇಕು. ಚಿಕ್ಕಲ್ಲೂರು ಚಾಮರಾಜನಗರ ಜಿಲ್ಲೆಯಲ್ಲಿ, ಕೊಳ್ಳೇಗಾಲಕ್ಕೆ ಹತ್ತಿರ, ಈಗ ಹನೂರು ತಾಲ್ಲೂಕಿಗೆ ಸೇರಿದೆ. ಮಂಟೇಸ್ವಾಮಿಯ ಶಿಷ್ಯ ಘನನೀಲಿ ಸಿದ್ಧಪ್ಪಾಜಿಯ ಗದ್ದುಗೆ ಇರುವ ಸ್ಥಳ. ಗುರು ಮಂಟೇಸ್ವಾಮಿಯದು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ, ಇನ್ನೊಬ್ಬ ಶಿಷ್ಯ ರಾಚಪ್ಪಾಜಿಯದು ಕೆ.ಆರ್. ನಗರದ ಕಡೆಯ ಕಪ್ಪಡಿ. ಕಪ್ಪಡಿಯ ಜಾತ್ರೆ ಶಿವರಾತ್ರಿಗೆ, ಚಿಕ್ಕಲ್ಲೂರಿನದು ಪುಷ್ಯ ಮಾಸದ ಹುಣ್ಣಿಮೆಗೆ. ಇಲ್ಲಿಯದು ಐದು ದಿನ. ಚಂದ್ರಮಂಡಲ, ದೊಡ್ಡವರ ಸೇವೆ, ಮುಡಿಸೇವೆ, ಪಂಕ್ತಿಸೇವೆ, ಕಡೆಯ ದಿನ ಮುತ್ತತ್ತಿರಾಯನ ಸೇವೆ. ಚಂದ್ರಮಂಡಲ ಹೊತ್ತಿ ಉರಿಯುವಾಗ ಜ್ವಾಲೆ ಯಾವ ದಿಕ್ಕಿಗೆ ಬಾಗುತ್ತದೋ ಆ ಸೀಮೆಗೆ ಒಳ್ಳೆಯ ಮಳೆ ಬೆಳೆ ಎಂಬ ನಂಬಿಕೆ. ಮೈಸೂರು, ಮಂಡ್ಯ, ರಾಮನಗರ, ಬೆಂಗಳೂರಿನಿಂದ ಗೂಡ್ಸ್ ಆಟೊ, ಟೆಂಪೊ, ಟ್ರ್ಯಾಕ್ಟರುಗಳಲ್ಲಿ ಪಾತ್ರೆ, ಸೌದೆ, ಹಾಸಿಗೆ ಹೇರಿಕೊಂಡು ಜನ ಬರುತ್ತಾರೆ. ಬಯಲಲ್ಲೇ ಬಿಡಾರ, ಅಲ್ಲೇ ಒಲೆ, ಅಲ್ಲೇ ಊಟ. ಯಾವ ಜಾತಿ ಎಂದು ಕೇಳದೆ ಪಕ್ಕದ ಬಿಡಾರದವರನ್ನೂ ಕೂರಿಸಿಕೊಂಡು ಉಣ್ಣುವುದು ಇಲ್ಲಿಯ ಕ್ರಮ. ದಲಿತರು ಮೊದಲ್ಗೊಂಡು ಹಲವು ಸಮುದಾಯಗಳ ಮನೆಗಳಲ್ಲಿ ಸಿದ್ಧಪ್ಪಾಜಿ ಒಕ್ಕಲುಗಳಿದ್ದಾರೆ. ನೀಲಗಾರರೂ ಹಾಗೆಯೇ ಹಲವು ಜಾತಿಗಳಿಂದ ಬಂದವರು. ಹಣೆಗೆ ಕಪ್ಪು ಧೂಳ್ತ, ಅಂದರೆ ಬೂದಿ, ಹಚ್ಚಿ ಜೋಳಿಗೆ ಹಾಕಿದ ಮೇಲೆ ಎಲ್ಲರೂ ಧರೆಗೆ ದೊಡ್ಡವರಾದ ಮಂಟೇಸ್ವಾಮಿಯ ಶಿಶುಮಕ್ಕಳೇ, ಶಿಷ್ಯರೇ.

ಈ ಕತೆ ಒಂದು ಗುಕ್ಕಿಗೆ ಮುಗಿಯುವುದಲ್ಲ. ಸಾಲು ಸಾಲಾಗಿ ಇದೆ. ಕಲ್ಯಾಣದ ಸಾಲು, ರಾಚಪ್ಪಾಜಿ ಮತ್ತು ದೊಡ್ಡಮ್ಮತಾಯಿಯ ಸಾಲು, ಸಿದ್ಧಪ್ಪಾಜಿಯ ಸಾಲು, ಅದರೊಳಗೆ ಹಲಗೂರಿನ ಕಮ್ಮಾರರಾದ ಪಾಂಚಾಳರ ಸಾಲು. ಒಂದು ರಾತ್ರಿಗೆ ಒಂದು ಸಾಲು ಮುಗಿದರೆ ಹೆಚ್ಚು. ಸಂಜೆ ಊಟವಾದ ಮೇಲೆ ನೆಲಕ್ಕೆ ಕಂಬಳಿ ಹಾಸಿ, ದೇವರ ಗುರುತಾದ ಖಂಡಾಯ ಇಟ್ಟು, ದೀಪ ಹಚ್ಚಿ, ಎಲೆ ಅಡಿಕೆ ಕಾಯಿ ಮುಂದಿಟ್ಟು ಕೂರುತ್ತಾರೆ. ಮೊದಲು ಗುರುಗಳಿಗೆಲ್ಲ ಸ್ತುತಿ. ಮುಂದಾಳು ಒಂದು ನುಡಿ ಹಾಡಿದರೆ ಹಿಮ್ಮೇಳ ಸೊಲ್ಲು ಹಿಡಿಯುತ್ತದೆ. ಆ ಸೊಲ್ಲು ಮುಗಿಯುವಷ್ಟು ಹೊತ್ತಿನಲ್ಲಿ ಮುಂದಾಳು ಮುಂದಿನ ನುಡಿಯನ್ನು ಒಳಗೇ ಕಟ್ಟಿಕೊಳ್ಳುತ್ತಾನೆ. ಕೈಯಲ್ಲಿ ತಂಬೂರಿ, ಇನ್ನೊಂದು ಕೈಯಲ್ಲಿ ಗಗ್ಗರ. ನಡುವೆ ಶ್ರುತಿ ಮಾತ್ರ ಉಳಿಸಿಕೊಂಡು ಮಾತಿನಲ್ಲಿ ಕತೆ ಹೇಳುವಾಗ ಎದುರು ಕೂತವರು "ಹೂಂ" ಎನ್ನಬೇಕು. ಹೂಂಗುಟ್ಟುವವರಿಲ್ಲದಿದ್ದರೆ ಕತೆ ಸಾಗುವುದಿಲ್ಲ. ನಡುರಾತ್ರಿ ಒಮ್ಮೆ ಟೀ, ಎಲೆ ಅಡಿಕೆ. ಆಮೇಲೆ ಕೋಳಿ ಕೂಗುವತನಕ ನಿಲ್ಲಿಸುವುದಿಲ್ಲ.

ಅಪ್ಪ ಎಲ್ಲ ಕಡೆಯೂ ಒಂದೇ ಕತೆ ಹೇಳುತ್ತಿರಲಿಲ್ಲ. ನಿಡಘಟ್ಟದ ಮುದ್ದಾಚಾರಿಯ ಮನೆಗೆ ಮಂಟೇಸ್ವಾಮಿ ಬಂದು ಮಗ ಕೆಂಪಣ್ಣನನ್ನು ಶಿಶುಮಗನಾಗಿ ಕೊಡಿ ಎಂದು ಕೇಳುವ ಭಾಗವನ್ನೇ ತೆಗೆದುಕೊಳ್ಳಿ. ತಾಯಿ ಮುದ್ದಮ್ಮ ಮಗನನ್ನು ಬಿಟ್ಟುಕೊಡಲಾರಳು. ತಿಥಿಯ ಮನೆಯಲ್ಲಿ ರಾತ್ರಿ ಕತೆಗೆ ಕರೆದಿದ್ದು, ಸತ್ತವರು ಚಿಕ್ಕ ವಯಸ್ಸಿನವರಾದರೆ ಅಪ್ಪ ಮುದ್ದಮ್ಮನ ದುಃಖವನ್ನು ತುಂಬ ಹೊತ್ತು ಹಾಡುತ್ತಿದ್ದರು. ಆ ಮನೆಯ ಹೆಂಗಸರು ತಮ್ಮ ಅಳುವನ್ನು ಆ ಹಾಡಿನೊಳಗೆ ಸೇರಿಸಿ ಅತ್ತು ಹಗುರಾಗುತ್ತಿದ್ದರು. ಮನೆಯಲ್ಲಿ ಬಾಣಂತಿ ಇದ್ದರೆ ಅದೇ ಭಾಗವನ್ನು ನಾಲ್ಕೇ ನುಡಿಯಲ್ಲಿ ದಾಟಿಸಿ, ಕೆಂಪಣ್ಣ ಸಿದ್ಧಪ್ಪಾಜಿಯಾಗಿ ನಿಲ್ಲುವ ಕಡೆಗೆ ಬೇಗ ಬರುತ್ತಿದ್ದರು. ಯಾರ ಮುಂದೆ ಎಷ್ಟು ಹೇಳಬೇಕೆಂಬುದನ್ನು ಅವರಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ಎದುರಿನ ಮುಖಗಳನ್ನು ನೋಡಿ ತೀರ್ಮಾನಿಸುತ್ತಿದ್ದರು. ನಾನು ತರಗತಿಯಲ್ಲಿ ನಿಂತು ಪಾಠ ಹೇಳುವುದನ್ನು ಕಲಿತದ್ದು ಬಿ.ಎಡ್. ಕಾಲೇಜಿಗಿಂತ ಹೆಚ್ಚಾಗಿ ಅಲ್ಲಿ, ಆ ಕಂಬಳಿಯ ಮೇಲೆ.

ಇನ್ನು ಹೋದ ಜಾತ್ರೆಯ ದೊಡ್ಡವರ ಸೇವೆಯ ರಾತ್ರಿಗೆ ಬರುತ್ತೇನೆ. ಹಳೇ ಮಠದ ಕಡೆಯ ಬಯಲಿನಲ್ಲಿ ನಮ್ಮ ಬಿಡಾರ. ನಾವು ಹಲಗೂರಿನ ಸಾಲು ಎತ್ತಿಕೊಂಡಿದ್ದೆವು. ಮಠಕ್ಕೆ ಕಬ್ಬಿಣ ಬೇಕೆಂದು ಗುರು ಸಿದ್ಧಪ್ಪಾಜಿಯನ್ನು ಹಲಗೂರಿಗೆ ಭಿಕ್ಷಕ್ಕೆ ಕಳಿಸುತ್ತಾರೆ; ಅಲ್ಲಿಯ ಪಾಂಚಾಳರು ಕಬ್ಬಿಣ ಇಟ್ಟುಕೊಂಡೇ ಇಲ್ಲವೆನ್ನುತ್ತಾರೆ, ಪವಾಡ ತೋರಿಸು ಎಂದು ಕಾಡುತ್ತಾರೆ, ವಿಷ ಉಣ್ಣಿಸುತ್ತಾರೆ. ಕತೆ ಅಲ್ಲಿಗೆ ಬರುವಷ್ಟರಲ್ಲಿ ಬಯಲಿನ ಆ ತುದಿಯಲ್ಲಿ ಆರ್ಕೆಸ್ಟ್ರಾ ಶುರುವಾಯಿತು. ಈ ಬದಿಯಲ್ಲಿ ದೊಡ್ಡ ತೊಟ್ಟಿಲಿನ ಮೈಕು. ಬಳೆ ಅಂಗಡಿ, ಐಸ್‌ಕ್ರೀಮ್ ಗಾಡಿ, ಪಾತ್ರೆ ಅಂಗಡಿ ಎಲ್ಲಕ್ಕೂ ಒಂದೊಂದು ಸ್ಪೀಕರು, ಎಲ್ಲಕ್ಕೂ ಒಂದೊಂದು ಜನರೇಟರು. ನನ್ನ ತಮ್ಮ ಗಂಟಲು ಹರಿಯುವ ಹಾಗೆ ಹಾಡಿದರೂ ಎರಡು ಮಾರು ದೂರ ಕೂತವರಿಗೆ ತುಟಿ ಅಲುಗುವುದು ಕಂಡಿತೇ ಹೊರತು ನುಡಿ ಕೇಳಲಿಲ್ಲ. ಜನ ಒಬ್ಬೊಬ್ಬರೇ ಎದ್ದರು. ತಮ್ಮ ತಂಬೂರಿಯನ್ನು ತೊಡೆಯ ಮೇಲೆ ಒರಗಿಸಿ ಸುಮ್ಮನೆ ಕೂತ. ಬೆಂಗಳೂರಿನಲ್ಲಿ ಮಗನ ಮನೆಯಲ್ಲಿರುವ ಒಬ್ಬ ಅಜ್ಜಿ, ಕತೆ ಕೇಳಲಿಕ್ಕೆಂದೇ ಬಂದಿದ್ದವರು, "ಯಾಕಪ್ಪ ನಿಲ್ಸ್ಬುಟ್ಟ? ವಿಷ ಉಣ್ಣಕ್ಕ ಕೂರ್ಸ್ಬುಟ್ಟು ಹಂಗೇ ಬುಟ್ಬುಟ್ಟಿಯಾ?" ಎಂದರು. ನಗಲಿಲ್ಲ ಅವರು, ನಿಜವಾಗಿಯೂ ನೊಂದು ಕೇಳಿದರು. ಸಿದ್ಧಪ್ಪಾಜಿಯನ್ನು ಆ ವಿಷದ ಮುಂದೆ ಕೂರಿಸಿ ಎದ್ದು ಹೋಗುವುದು ಅವರಿಂದ ಆಗಲಿಲ್ಲ.

ಅರ್ಧರಾತ್ರಿ ಕಳೆದ ಮೇಲೆ ಕರೆಂಟು ಹೋಯಿತು. ಆರ್ಕೆಸ್ಟ್ರಾದವರು ಅಷ್ಟು ಹೊತ್ತಿಗೆ ಮುಗಿಸಿದ್ದರು. ಚಳಿಗೆ ಜನ ಕರಗಿ ಅಂಗಡಿಯವರು ಡೀಸೆಲ್ ಸುಡುವುದು ದಂಡವೆಂದು ಒಂದೊಂದೇ ಜನರೇಟರ್ ಆರಿಸಿದರು. ಆಗ ನಮಗೆ ಕೇಳಿಸಿತು. ನಮ್ಮಿಂದ ಸ್ವಲ್ಪ ದೂರದಲ್ಲಿ, ಮಳವಳ್ಳಿ ಕಡೆಯವರ ಬಿಡಾರದಲ್ಲಿ ಒಂದು ತಂಬೂರಿ. ಅದರಾಚೆ ಇನ್ನೊಂದು. ಬೇಲಿ ಕಡೆ ದಮ್ಮಡಿ ಬಡಿಯುವ ಸದ್ದು. ಕಿವಿಗೊಟ್ಟು ಕೂತರೆ ಒಂದು ಕಡೆ ಕಲ್ಯಾಣದ ಬಾಗಿಲು, ಇನ್ನೊಂದು ಕಡೆ ರಾಚಪ್ಪಾಜಿ, ಮತ್ತೊಂದು ಕಡೆ ಆಗಷ್ಟೇ ಸ್ತುತಿ. ಅವರೆಲ್ಲ ಸಂಜೆಯಿಂದ ಹಾಡುತ್ತಲೇ ಇದ್ದರು! ಒಬ್ಬರದು ಒಬ್ಬರಿಗೆ ಕೇಳದೆ, ಕಲೆತ ಹತ್ತಿಪ್ಪತ್ತು ಜನರಿಗೂ ಸರಿಯಾಗಿ ಕೇಳದೆ ಹಾಡುತ್ತಿದ್ದರು. ಕತೆ ಹೇಳುವವರೇ ಇಲ್ಲವಾಗಿದ್ದಾರೆ ಎಂದು ಮೈಸೂರಿನಲ್ಲಿ ಕೂತು ಎಷ್ಟೋ ಜನ ಮರುಗುವುದನ್ನು ಕೇಳಿದ್ದೇನೆ. ಅಂದು ಆ ಬಯಲಿನಲ್ಲಿ ಅವರಿದ್ದರು, ಕೇಳುವವರೂ ಇದ್ದರು.

ತಮ್ಮ ತಂಬೂರಿ ಎತ್ತಿಕೊಂಡ. ಬಿಡಾರಗಳಿಂದ ಜನ ಕಂಬಳಿ ಹೊದ್ದು ಎದ್ದು ಬಂದರು. ಮಳವಳ್ಳಿಯ ಹಿರಿಯ ನೀಲಗಾರರೊಬ್ಬರು ತಮ್ಮ ಸಾಲು ಮುಗಿಸಿ ನಮ್ಮಲ್ಲಿಗೆ ಬಂದು ಯಾರೂ ಕರೆಯದೆ ಸೊಲ್ಲು ಹಿಡಿದರು. ನಾವು ಬಲ್ಲ ಧಾಟಿಗಿಂತ ಸ್ವಲ್ಪ ಬೇರೆ, ಆದರೂ ಎರಡು ನುಡಿ ಕಳೆಯುವಷ್ಟರಲ್ಲಿ ಕೂಡಿಕೊಂಡಿತು. ಅಜ್ಜಿ ಬೆಳಗಿನವರೆಗೂ ಹೂಂಗುಟ್ಟಿದರು. ಸಿದ್ಧಪ್ಪಾಜಿ ವಿಷ ಗೆದ್ದು ಹಲಗೂರಿನ ಕಬ್ಬಿಣ ಪಡೆದು ಹೊರಟ ಹೊತ್ತಿಗೆ ಪೂರ್ವದಲ್ಲಿ ಬೆಳಕು ಹರಿದಿತ್ತು. ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುವ ಮೂರು ಹುಡುಗಿಯರು ಕೊನೆಯವರೆಗೂ ಕದಲಲಿಲ್ಲ. ಅವರಲ್ಲಿ ಒಬ್ಬಳು ನನ್ನನ್ನು ಕೇಳಿದಳು: "ಟೀಚರ್, ಹಲಗೂರು ಅಂದ್ರ ನಾವು ಬಸ್ಸಲ್ಲಿ ದಾಟ್ಕಂಡು ಬತ್ತೀವಲ್ಲ, ಅದೇಯ?" ಅದೇ ಎಂದೆ. ಕನಕಪುರದ ರಸ್ತೆಯಲ್ಲಿ ಬಂದು ಹೋಗುವಾಗೆಲ್ಲ ಬರೀ ಒಂದು ಬಸ್ ಸ್ಟ್ಯಾಂಡ್ ಆಗಿದ್ದ ಊರು ಅವಳಿಗೆ ಅಂದು ಬೇರೆಯಾಯಿತು. ಹಾಗೆ ನೋಡಿದರೆ ಮೈಸೂರು ಹೆದ್ದಾರಿಯಲ್ಲಿ ನಿಡಘಟ್ಟದ ಫಲಕ ಓದುತ್ತ ಹೋಗುವವರಲ್ಲಿ ಎಷ್ಟು ಜನಕ್ಕೆ ಮುದ್ದಮ್ಮನ ನೆನಪಾಗುತ್ತದೆ? ಆಗಬೇಕಾದರೆ ಅವಳ ಅಳುವನ್ನು ಒಮ್ಮೆಯಾದರೂ ಪೂರ್ತಿ ಕೇಳಿರಬೇಕು.

ಪುಸ್ತಕ ಇದೆಯಲ್ಲ, ಮೊಬೈಲಿನಲ್ಲಿ ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಇದೆ, ನಿಜ. ವಿದ್ವಾಂಸರು ಹಳ್ಳಿಹಳ್ಳಿ ತಿರುಗಿ ಧ್ವನಿ ಮುದ್ರಿಸಿಕೊಂಡು ಬರೆದಿದ್ದಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈ ಕಾವ್ಯವನ್ನು ದೊಡ್ಡ ಗ್ರಂಥವಾಗಿ ಹೊರತಂದಿದೆ. ಆ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ, ಆ ಪುಸ್ತಕ ನನ್ನ ಮನೆಯಲ್ಲೂ ಇದೆ. ಮಳವಳ್ಳಿ ಮಹದೇವಸ್ವಾಮಿಯವರ ದನಿಯಂತೂ ಕ್ಯಾಸೆಟ್ಟುಗಳ ಕಾಲದಿಂದ ನಮ್ಮ ಸೀಮೆಯ ಮನೆಮನೆಯಲ್ಲಿ ಇದೆ; ಅವರಿಂದಾಗಿ ಈ ಕತೆ ಉಳಿದ ಮನೆಗಳು ಎಷ್ಟೋ. ಆದರೆ ಪುಸ್ತಕಕ್ಕೆ ಎದುರು ಕೂತವರ ಮುಖ ಕಾಣುವುದಿಲ್ಲ. ಬಾಣಂತಿ ಇದ್ದಾಳೆಂದು ಮೊಬೈಲು ನುಡಿ ಮೊಟಕು ಮಾಡುವುದಿಲ್ಲ. ಹೊಸಬರು ಈ ಕೆಲಸ ಕಲಿಯುವುದು ಹಿಂದೆ ಕೂತು ಸೊಲ್ಲು ಹಿಡಿದೇ. ಅದಕ್ಕೆ ರಾತ್ರಿ ಬೇಕು, ಹತ್ತಿರ ಕೂರುವ ಜಾಗ ಬೇಕು.

ವೇದಿಕೆಯ ವಿಚಾರಕ್ಕೂ ಬರಬೇಕು. ಒಂದು ಊರಿನ ಉತ್ಸವಕ್ಕೆ ನಮ್ಮನ್ನು ಕರೆದಿದ್ದರು. ಹೆಸರು ಹೇಳುವುದಿಲ್ಲ, ಕರೆದವರು ಗೌರವದಿಂದಲೇ ಕರೆದರು, ಶಾಲು ಹೊದಿಸಿದರು. ಹಾಡಲಿಕ್ಕೆ ಕೊಟ್ಟದ್ದು ಹತ್ತು ನಿಮಿಷ. ಸ್ತುತಿ ಮುಗಿಸಿ ಕೆಂಪಣ್ಣನ ಹೆಸರೆತ್ತುವಷ್ಟರಲ್ಲಿ ನಿರೂಪಕರು ಪಕ್ಕದಲ್ಲಿ ಬಂದು ನಿಂತರು. ತಮ್ಮ ಇಳಿದು ಬಂದು ಏನೂ ಹೇಳಲಿಲ್ಲ. ಬಸ್ಸಿನಲ್ಲಿ ಮಾತ್ರ, ಅಪ್ಪ ಹೇಳುತ್ತಿದ್ದ ಮಾತು ಹೇಳಿದ: "ಕತೆ ಅಂದ್ರ ನಿಂತ್ಕಂಡು ಉಣ್ಣ ಹಿಟ್ಟಲ್ಲ." ಅಂಥ ವೇದಿಕೆಗಳೂ ಇರಲಿ, ಅವುಗಳಿಂದ ಕಲಾವಿದರಿಗೆ ನಾಲ್ಕು ಕಾಸು ಸಿಗುತ್ತದೆ. ಆದರೆ ಚಿಕ್ಕಲ್ಲೂರಿಗೆ ದಯವಿಟ್ಟು ಇನ್ನೊಂದು ವೇದಿಕೆ ತರಬೇಡಿ. ಅಲ್ಲಿಗೆ ವೇದಿಕೆ ಬೇಕಿಲ್ಲ, ಶಾಲು ಬೇಕಿಲ್ಲ, ಉದ್ಘಾಟನೆ ಬೇಕಿಲ್ಲ.

ನಾನು ಕೇಳುತ್ತಿರುವುದು ಇಷ್ಟು. ಹಳೇ ಮಠದ ಕಡೆಯ ಬಯಲನ್ನು ಜಾತ್ರೆಯ ಐದೂ ರಾತ್ರಿ ಧ್ವನಿವರ್ಧಕ ಇಲ್ಲದ ಜಾಗವಾಗಿ ಉಳಿಸಿಕೊಡಿ. ದೊಡ್ಡ ತೊಟ್ಟಿಲು, ಆರ್ಕೆಸ್ಟ್ರಾ, ಮೈಕಿನ ಅಂಗಡಿಗಳಿಗೆ ಇನ್ನೊಂದು ಬದಿಯಲ್ಲಿ ಜಾಗ ಗುರುತಿಸಿ. ಅಂಗಡಿ ಹರಾಜಿನ ಷರತ್ತಿನಲ್ಲೇ ಇದನ್ನು ಬರೆದರೆ ಆಮೇಲೆ ಜಗಳವಿರುವುದಿಲ್ಲ. ಬಿಡಾರಗಳ ನಡುವೆ ಬೇಕಾದಷ್ಟು ದೀಪ ಹಾಕಲಿ, ಹೆಂಗಸರು ಮಕ್ಕಳು ಓಡಾಡುವ ಜಾಗ. ದೀಪಕ್ಕೆ ನನ್ನ ತಕರಾರಿಲ್ಲ. ಸಾಧ್ಯವಾದರೆ ಹೆಂಗಸರ ಶೌಚಾಲಯವನ್ನೂ ಆ ಬದಿಗೆ ಹೆಚ್ಚು ಮಾಡಲಿ. ರಾತ್ರಿಯೆಲ್ಲ ಕತೆ ಕೇಳಬೇಕೆಂದರೆ ಅದು ಬೇಕು, ಇದನ್ನು ಹೇಳಲಿಕ್ಕೆ ಸಂಕೋಚವೇಕೆ?

ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತೆಯೇ ಇಲ್ಲ. ಧಾರ್ಮಿಕ, ಸಾಂಸ್ಕೃತಿಕ ಉತ್ಸವಗಳಿಗೆ ಸರ್ಕಾರ ವಿನಾಯಿತಿ ಕೊಡಬಹುದು, ಅದೂ ನಡುರಾತ್ರಿ 12ರವರೆಗೆ, ವರ್ಷಕ್ಕೆ 15 ದಿನ ಮೀರದಂತೆ. ಅಂದರೆ ಜಾತ್ರೆಗೆ ವಿನಾಯಿತಿ ಕೊಟ್ಟರೂ 12ರ ನಂತರದ ಸ್ಪೀಕರಿಗೆ ಯಾವ ಆಧಾರವೂ ಇಲ್ಲ. ಪೂರ್ತಿ ಜಾತ್ರೆಗೆ ಇದನ್ನು ಬಿಗಿಯಾಗಿ ಹಾಕಿ ಎಂದು ನಾನು ಹೇಳುತ್ತಿಲ್ಲ. ವರ್ಷಕ್ಕೊಮ್ಮೆ ಬರುವ ಹುಡುಗರಿಗೆ ಆರ್ಕೆಸ್ಟ್ರಾವೂ ಬೇಕು, ಮಕ್ಕಳಿಗೆ ತೊಟ್ಟಿಲೂ ಬೇಕು. ನಾನೂ ಅಪ್ಪನ ಹೆಗಲ ಮೇಲೆ ಕೂತು ಅದೇ ಜಾತ್ರೆಯಲ್ಲಿ ತಿರುಗಿದವಳು, ಬೆಂಡು ಬತ್ತಾಸು ಕೊಡಿಸಿಕೊಂಡವಳು. ಒಂದು ಬದಿಯನ್ನು ಮಾತ್ರ ಬಿಟ್ಟುಕೊಡಿ ಎನ್ನುತ್ತಿದ್ದೇನೆ. ಸಣ್ಣ ಅಂಗಡಿಯವರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ ಎಂಬ ಮಾತು ಬರಬಹುದು. ಬಳೆ ಮಾರುವ ಹೆಂಗಸರನ್ನೇ ನಾನು ಕೇಳಿದೆ. ಪಕ್ಕದವರು ಹಾಕುವುದರಿಂದ ನಾವೂ ಹಾಕುತ್ತೇವೆ, ಬಾಡಿಗೆಯ ಸ್ಪೀಕರಿಗೆ ದುಡ್ಡು ಸುರಿಯುವುದೇ ಆಯಿತು ಎಂದರು. ಎಲ್ಲರದೂ ನಿಂತರೆ ಅವರಿಗೂ ಅನುಕೂಲವೇ.

ಇದೇ ಮಾತನ್ನು ಕಪ್ಪಡಿಗೂ ಬೊಪ್ಪೇಗೌಡನಪುರಕ್ಕೂ ಹೇಳಬಹುದು. ನನಗೆ ಚೆನ್ನಾಗಿ ತಿಳಿದಿರುವುದು ಚಿಕ್ಕಲ್ಲೂರು, ಆದ್ದರಿಂದ ಅಲ್ಲಿಗೆ ನಿಲ್ಲಿಸುತ್ತೇನೆ.

ನಿಮ್ಮ ಪತ್ರಿಕೆಗೂ ನನ್ನದೊಂದು ವಿನಂತಿ ಇದೆ. ಐದು ದಿನದ ಸುದ್ದಿಯಲ್ಲಿ ಒಂದು ದಿನ ಕತೆಗೂ ಒಂದು ಜಾಗ ಕೊಡಿ. ಯಾವ ಬಿಡಾರದಲ್ಲಿ ಯಾರು ಯಾವ ಸಾಲು ಹೇಳುತ್ತಿದ್ದಾರೆ ಎಂಬ ನಾಲ್ಕು ಸಾಲಿನ ಮಾಹಿತಿ ಬಂದರೂ ಸಾಕು, ಹುಡುಕಿಕೊಂಡು ಹೋಗುವ ಜನ ಇದ್ದಾರೆ. ಚಂದ್ರಮಂಡಲದ ಚಿತ್ರ ತೆಗೆದ ನಿಮ್ಮ ಛಾಯಾಗ್ರಾಹಕರು ಅಂದೇ ರಾತ್ರಿ ವಾಪಸು ಹೊರಡದೆ ಇನ್ನೊಂದು ದಿನ ನಿಂತರೆ, ಚಿಕ್ಕಲ್ಲೂರಿನ ಬೇರೆಯದೇ ಮುಖ ಅವರಿಗೆ ಸಿಗುತ್ತದೆ.

ಶಾಲೆಗಳ ಬಗ್ಗೆಯೂ ಒಂದು ಮಾತು, ಅಧ್ಯಾಪಕಿಯಾಗಿದ್ದವಳು ಹೇಳದೆ ಇರಲಾರೆ. ಹನೂರು, ಕೊಳ್ಳೇಗಾಲ, ಮಳವಳ್ಳಿ ತಾಲ್ಲೂಕುಗಳ ಮಕ್ಕಳಲ್ಲಿ ಎಷ್ಟೋ ಜನರ ತಾತಂದಿರು ನೀಲಗಾರರು, ಇಲ್ಲವೇ ಮಾದಪ್ಪನ ಕತೆ ಹಾಡುವ ದೇವರಗುಡ್ಡರು. ಆ ಮಕ್ಕಳು ಅದನ್ನು ಶಾಲೆಯಲ್ಲಿ ಹೇಳಿಕೊಳ್ಳಲು ನಾಚುತ್ತಾರೆ, ಭಿಕ್ಷಕ್ಕೆ ಹೋಗುವವರೆಂದು ಇತರರು ಆಡಿಕೊಂಡಾರು ಎಂಬ ಭಯ. ನಾನೂ ಹೈಸ್ಕೂಲಿನಲ್ಲಿ ಅಪ್ಪನ ಕೆಲಸ ಕೇಳಿದರೆ ವ್ಯವಸಾಯ ಎಂದಷ್ಟೇ ಬರೆಸುತ್ತಿದ್ದೆ. ಆ ತಾತಂದಿರಲ್ಲಿ ಒಬ್ಬರನ್ನು ಜಾತ್ರೆಗೆ ಮುನ್ನ ಶಾಲೆಗೆ ಕರೆದು, ಒಂದು ಮಧ್ಯಾಹ್ನ ಪೂರ್ತಿ ಅವರಿಗೆ ಬಿಟ್ಟುಕೊಡಿ. ಮೊಮ್ಮಗನನ್ನೇ ಅವರ ಹಿಂದೆ ಸೊಲ್ಲು ಹಿಡಿಯಲು ಕೂರಿಸಿ.

ಜಾತ್ರೆಗೆ ಮುಂಚೆ ಅಧಿಕಾರಿಗಳು, ಮಠದವರು, ಸುತ್ತಲ ಹಳ್ಳಿಗಳ ಮುಖಂಡರು ಸೇರಿ ಪೂರ್ವಸಿದ್ಧತೆಯ ಸಭೆ ಮಾಡುತ್ತಾರೆ. ಬಸ್ಸು, ನೀರು, ಬಂದೋಬಸ್ತಿನ ತೀರ್ಮಾನ ಆಗುವುದು ಅಲ್ಲಿ. ಆ ಸಭೆಗೆ ಮೊದಲು ಈ ಪತ್ರ ಪ್ರಕಟವಾದರೆ ಉಪಕಾರವಾಗುತ್ತದೆ; ಅದನ್ನು ಕತ್ತರಿಸಿಕೊಂಡು ನಾನೂ ತಮ್ಮನೂ ಮಳವಳ್ಳಿಯ ಆ ಹಿರಿಯರೂ ಸಭೆಗೆ ಹೋಗುತ್ತೇವೆ. ಹಲಗೂರಿನ ಸಾಲನ್ನು ಈ ಸಲ ಎರಡೂ ಬಿಡಾರದವರು ಕೂಡಿ ಮೊದಲಿಂದ ಕೊನೆಯವರೆಗೆ ಹೇಳುವುದೆಂದು ಮಾತಾಗಿದೆ, ದೊಡ್ಡವರ ಸೇವೆಯ ರಾತ್ರಿ, ಹಳೇ ಮಠದ ಕಡೆ. ನಿಮ್ಮ ವರದಿಗಾರರು ಬರುವುದಾದರೆ ಊಟ ನಮ್ಮ ಬಿಡಾರದಲ್ಲಿ. ಪುಷ್ಯದ ಚಳಿ ಜೋರಿರುತ್ತದೆ, ಒಂದು ಕಂಬಳಿ ತರಲಿ, ಬೆಳಗಿನವರೆಗೂ ಕೂರುವ ಹಾಗೆ ಬರಲಿ.

ಇಂತಿ ನಮಸ್ಕಾರಗಳು,

ಒಬ್ಬ ನೀಲಗಾರರ ಮಗಳು
ನಿವೃತ್ತ ಕನ್ನಡ ಶಿಕ್ಷಕಿ, ಮೈಸೂರು